ಗಾಲಿ ಒಣಗಿದ ತಪ್ಪಿಗೆ

ಗಾಲಿ ಸರಿ ಮಾಡಿದ್ದಕ್ಕೆ ನನ್ನ ಅಣ್ಣನ ಕೆಲಸ ಹೋಯಿತು. ಹೇಳಿದರೆ ಯಾರೂ ನಂಬುವುದಿಲ್ಲ, ಆದ್ದರಿಂದ ನಡೆದ ಕ್ರಮದಲ್ಲೇ ಬರೆಯುತ್ತೇನೆ.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ. ನಾನು ಹಳೇ ಹುಬ್ಬಳ್ಳಿಯ ಒಂದು ಗ್ಯಾರೇಜಿನಲ್ಲಿದ್ದೆ. ಅಣ್ಣ ಒಬ್ಬ ಸಾಹುಕಾರರ ಸಣ್ಣ ಲಾರಿಯಲ್ಲಿ ಉಪ್ಪಿನಬೆಟಗೇರಿಯ ಹತ್ತಿ ತರುತ್ತಿದ್ದ. ಸಾಹುಕಾರರು ಮೊದಲು ಎತ್ತಿನ ಬಂಡಿಗಳನ್ನು ಇಟ್ಟಿದ್ದವರು. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡಬಾರದೆಂದು ಲಾರಿಯನ್ನೂ ಅಂದು ಹೊರಗೆ ಬಿಡುತ್ತಿರಲಿಲ್ಲ. ಅದನ್ನು ನಾನು ತಪ್ಪೆನ್ನುವುದಿಲ್ಲ.

ನನ್ನ ಸಿಟ್ಟೆಲ್ಲ ಗ್ರೀಸಿನದು. ಮುಂದಿನ ಅಚ್ಚಿನ ಎರಡೂ ತುದಿಯಲ್ಲಿ, ಗಾಲಿಯ ಒಳಮಗ್ಗುಲಿಗೆ, ಗ್ರೀಸ್ ಆಚೆ ಬಾರದಂತೆ ತಡೆಯುವ ಚರ್ಮದ ಸೀಲು ಇರುತ್ತದೆ. ಎರಡೂ ಸವೆದಿದ್ದವು, ಎಡಗಡೆಯದು ಪೂರ್ತಿ. ಗ್ರೀಸ್ ಸೋರಿ ಬ್ರೇಕಿಗೆ ಮೆತ್ತುತ್ತಿತ್ತು. ಬ್ರೇಕ್ ತುಳಿದರೆ ಎಡಗಾಲಿ ಹಿಡಿಯುತ್ತಿರಲಿಲ್ಲ, ಲಾರಿ ಬಲಕ್ಕೆ ಎಳೆಯುತ್ತಿತ್ತು.

ಸಾಹುಕಾರರಿಗೆ ಆ ಸೋರಿಕೆ ಕಂಡರೆ ಖುಷಿ. ಬಂಡಿಯವರ ಲೆಕ್ಕದಲ್ಲಿ ಕೀಲೆಣ್ಣೆ ಸುರಿಯುವ ಗಾಲಿಯೇ ಚೆನ್ನಾಗಿ ಸಾಕಿದ ಗಾಲಿ. ಒಣಗಿದ ಗಾಲಿ ಎಂದರೆ ಸೋಮಾರಿಯ ಗಾಲಿ.

"ಇನ್ನೊಂದಿಷ್ಟು ತುಂಬಲೇ, ಗಾಲಿಗೆ ನೀರಡಿಕಿ ಆಗೇತಿ" ಎಂದು ನಿಂತು ತುಂಬಿಸುತ್ತಿದ್ದರು.

"ಸಾವ್ಕಾರ್ರ, ಇದು ಬಂಡಿ ಅಲ್ಲರಿ. ಇದರ ಗಾಲಿ ಒಳಗ ಬ್ರೇಕ್ ಐತ್ರಿ. ಎಣ್ಣಿ ತಾಗಬಾರದು" ಎಂದ ಅಣ್ಣ.

"ನಾ ಗಾಲಿ ನೋಡಾಕತ್ತಾಗ ನೀ ಹುಟ್ಟಿರಲಿಲ್ಲ!"

ಒಂದು ದಿನ ಉಪ್ಪಿನಬೆಟಗೇರಿಯಲ್ಲಿ ಎಮ್ಮೆ ಅಡ್ಡ ಬಂತು. ಅಣ್ಣ ಬ್ರೇಕ್ ತುಳಿದ. ಎಮ್ಮೆ ಉಳಿಯಿತು, ಲಾರಿ ಬಲಕ್ಕೆ ಹೋಗಿ ಯಾರದೋ ಮನೆಯ ಕಟ್ಟೆಗೆ ಮೂತಿ ಬಡಿಯಿತು. ಆ ಸುದ್ದಿ ಲಾರಿಗಿಂತ ಮೊದಲೇ ಹುಬ್ಬಳ್ಳಿ ಮುಟ್ಟಿತ್ತು.

"ನಿನ್ನ ಕೈಯೇ ಸೊಟ್ಟ ಐತಿ" ಎಂದರು ಸಾಹುಕಾರರು. "ಇನ್ನೊಮ್ಮಿ ಹಿಂಗಾತಂದ್ರ ಚಾವಿ ಇಟ್ಟು ಮನಿಗೆ ನಡಿ."

ಯುದ್ಧಕಾಲದ ಅಭಾವ ಇನ್ನೂ ತೀರಿರಲಿಲ್ಲ, ಮುಂಬಯಿಯಿಂದ ಹೊಸ ಸೀಲು ಬರುತ್ತಿರಲಿಲ್ಲ. ನಮ್ಮ ಓಣಿಯಲ್ಲಿ ಟಾಂಗಾ ಕುದುರೆಗಳ ಜೀನು ಹೊಲಿಯುವ ಕಾಕಾ ಒಬ್ಬರಿದ್ದರು. ಹಳೆಯ ಸೀಲು ಒಯ್ದು ತೋರಿಸಿದೆ. ಅದೇ ಅಳತೆಗೆ ದಪ್ಪ ಚರ್ಮ ಕೊಯ್ದು, ಅಂಚು ಮಡಚಿ, ಎಣ್ಣೆಯಲ್ಲಿ ನೆನೆಹಾಕಿ ಕೊಟ್ಟರು.

"ಇಷ್ಟು ದಿನ ಕುದರಿಗೆ ಲಗಾಮು ಮಾಡಿದ್ನೆಪಾ, ಈಗ ಗ್ರೀಸಿಗೂ ಆತು" ಎಂದು ನಕ್ಕರು.

ಆಮೇಲಿನ ಸೋಮವಾರ ಲಾರಿಯನ್ನು ಜಾಕಿಗೆ ಎತ್ತಿ ಮುಂದಿನ ಎರಡೂ ಗಾಲಿ ಬಿಚ್ಚಿದೆವು. ಬ್ರೇಕಿನ ಮೇಲೆ ಕರಿ ಗ್ರೀಸು ಬದನೆಕಾಯಿ ಎಣಗಾಯಿಯ ಮಸಾಲೆಯಂತೆ ಕೂತಿತ್ತು. ಕೆರೆದು, ಪೆಟ್ರೋಲಿನಲ್ಲಿ ತೊಳೆದು, ಉಪ್ಪುಕಾಗದದಿಂದ ಉಜ್ಜಿದೆವು. ಸೀಲಿನ ಮಡಚಿದ ಅಂಚು ಗ್ರೀಸಿನ ಕಡೆಗೆ ಇರುವಂತೆ ಕೂರಿಸಿ, ಬೇರಿಂಗಿಗೆ ಬೇಕಾದಷ್ಟೇ ಹೊಸ ಗ್ರೀಸ್ ಹಚ್ಚಿದೆವು. ಎಲ್ಲವನ್ನೂ ಬಿಚ್ಚಿದ ಕ್ರಮದಲ್ಲೇ ದಿನಚರಿಯಲ್ಲಿ ಬರೆದಿದ್ದೆ, ಅದನ್ನೇ ಕೊನೆಯಿಂದ ಮೊದಲಿಗೆ ಓದುತ್ತ ಜೋಡಿಸಿದೆ.

ಮಂಗಳವಾರ ಅಣ್ಣ ಗೋಪನಕೊಪ್ಪದ ದಾರಿಯಲ್ಲಿ ಸ್ಟಿಯರಿಂಗ್ ಸಡಿಲ ಬಿಟ್ಟು ಬ್ರೇಕ್ ತುಳಿದ. ಲಾರಿ ನೂಲು ಹಿಡಿದಂತೆ ನೆಟ್ಟಗೆ ನಿಂತಿತು. ನಾವಿಬ್ಬರೂ ಮಕ್ಕಳಂತೆ ಕೂಗಿದೆವು.

ಆ ವಾರವೆಲ್ಲ ಲಾರಿ ಎಲ್ಲೂ ಸೊಟ್ಟ ಹೋಗಲಿಲ್ಲ. ಅದು ಸಾಹುಕಾರರ ಕಣ್ಣಿಗೆ ಬೀಳಲಿಲ್ಲ. ಬಿದ್ದದ್ದು ಗಾಲಿ. ಬೆರಳಿನಿಂದ ಒರೆಸಿ ನೋಡಿದರು.

"ಒಣಾ ಒಣಾ! ಗಾಲಿ ಉಪವಾಸ ಕೆಡವೀದಿ ಅಲ್ಲೋ! ಲಾರಿ ಒಯ್ದು ಕಟ್ಟಿಗೆ ಬಡದಿ, ತಡಕೊಂಡೆ. ಇದನ್ನ ಸಹಿಸಾಂಗಿಲ್ಲ."

ಅಣ್ಣ ಸೀಲಿನ ಮಾತೆತ್ತಿದ. ಅವರು ಕೈ ಚಾಚಿದರು. ಅಣ್ಣ ಚಾವಿ ಇಟ್ಟು ಬಂದ.

ಹೊಸ ಡ್ರೈವರ್ ಬಂದ. ಕೆಲವು ದಿನಗಳ ಮೇಲೆ ಚಹಾದಂಗಡಿಯಲ್ಲಿ ಸಾಹುಕಾರರು ನನ್ನೆದುರೇ ಹೇಳಿದರು: "ಈ ಹುಡುಗನ ಕೈ ನೋಡ್ರಿ, ಎಷ್ಟು ನೆಟ್ಟಗೈತಿ! ಗಾಲಿನೂ ಎಣ್ಣಿ ಕುಡದು ಛಲೋ ಆಗೇತಿ."

ಚಹಾ ಅರ್ಧಕ್ಕೇ ಬಿಟ್ಟು ಎದ್ದೆ. ಮರುದಿನ ಮುಂಜಾನೆ ಲಾರಿ ನಿಲ್ಲಿಸುವ ಕಡೆಗೆ ಹೋದೆ. ನಮ್ಮ ಸೀಲು ಗಟ್ಟಿಯಾಗಿಯೇ ಇತ್ತು, ಹನಿಯೂ ಸೋರಿರಲಿಲ್ಲ. ಹೊಸ ಡ್ರೈವರ್ ಡಬ್ಬಿಯಿಂದ ಒಂದು ಬೆರಳು ಗ್ರೀಸ್ ತೆಗೆದು ಗಾಲಿಯ ಹೊರಗೆ, ಸಾಹುಕಾರರಿಗೆ ಕಾಣುವಂತೆ, ಬಳಿಯುತ್ತಿದ್ದ. ನನ್ನನ್ನು ನೋಡಿ ಕಣ್ಣು ಹೊಡೆದ.

ಮನೆಗೆ ಬಂದು ಹೇಳಿದೆ. ಅಣ್ಣ ಹೊಟ್ಟೆ ಹಿಡಿದು ನಕ್ಕ. "ನಮಗ್ಯಾಕ ಹೊಳೀಲಿಲ್ಲಲೇ ಇದು?"

ಯಾಕೆ ಹೊಳೆಯಬೇಕಿತ್ತು? ಬ್ರೇಕ್ ಹಿಡಿಯುವ ಲಾರಿಯನ್ನು ಮಾಡಿಕೊಟ್ಟಿದ್ದೆವು. ಅಷ್ಟು ಸಾಲದೆ?