ಆರ್ಡಿತ್ ಕೇಳಿದ ಒಪ್ಪಿಗೆ

ವಿಶ್ವವಿದ್ಯಾಲಯದಿಂದ ಒಬ್ಬ ಹುಡುಗಿ ಬಂದಿದ್ದಳು. ಮೂಗಿಗೆ ನತ್ತು, ಕೈಯಲ್ಲಿ ಧ್ವನಿ ಹಿಡಿಯುವ ಯಂತ್ರ, ಕಾಲಿಗೆ ನಮ್ಮ ಕೆಸರಿಗೆ ಆಗಿಬರದ ಬಿಳಿ ಬೂಟು. ಹಿಪ್ಪಿಗಳ ಆದರ್ಶಗಳು ಲೋಕದಲ್ಲಿ ಏನನ್ನಾದರೂ ಉಳಿಸಿ ಹೋದವೇ ಎಂದು ಪುಸ್ತಕ ಬರೆಯುತ್ತಾಳಂತೆ. ‘ತೆರೆದಾಕಾಶ’ ತೋಟಕ್ಕೆ ದಾರಿ ಯಾವುದು ಎಂದು ನನ್ನ ಬಾಗಿಲಿಗೆ ಬಂದಳು. ಈ ಕಣಿವೆಯಲ್ಲಿ ನಾವೆಲ್ಲ ಅದನ್ನು ಬತ್ತಲೆ ತೋಟ ಎಂದೇ ಕರೆಯುವುದು. ಕಾರಣ ಏನೆಂದು ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಟ್ರಕ್ಕಿನಲ್ಲಿ ಕೂರಿಸಿಕೊಂಡು ಹೋದೆ.

ಅಲ್ಲಿ ತೋಟದ ಹಳೇ ಹಿಪ್ಪಿ ವೆಂಡೆಲ್ ಮಧ್ಯಾಹ್ನವಿಡೀ ಮಾತಾಡಿದ. ಯುದ್ಧ ನಿಲ್ಲಿಸಿದವರು ತಾವು, ಗಾಳಿ ನೀರಿನ ಬಗ್ಗೆ ಮೊದಲು ಬಾಯಿ ಬಿಟ್ಟವರು ತಾವು, ಒಬ್ಬರ ಮೇಲೆ ಒಬ್ಬರು ಅಧಿಕಾರ ನಡೆಸದೆ ಬದುಕಬಹುದೆಂದು ತೋರಿಸಿಕೊಟ್ಟವರು ತಾವು. ಹುಡುಗಿ ಕಣ್ಣರಳಿಸಿ ಕೇಳಿದಳು. ಅವನ ಜತೆ ಬಾಳುವ ಆರ್ಡಿತ್ ಪುದೀನ ಚಹಾ ತಂದಿಟ್ಟಳು, ಆಮೇಲೆ ಲೋಟಗಳನ್ನು ಎತ್ತಿಕೊಂಡು ಹೋದಳು. ಅವಳನ್ನು ಆ ಹುಡುಗಿ ಒಂದು ಮಾತೂ ಕೇಳಲಿಲ್ಲ. ಕೇಳಬೇಕಾಗಿದ್ದದ್ದು ಅವಳನ್ನೇ. ಆದ್ದರಿಂದ ಅವಳ ಕಥೆಯನ್ನು ನಾನು ಹೇಳುತ್ತೇನೆ.

ನನಗೆ ಆ ಜನರನ್ನು ಕಂಡರೆ ಆಗುತ್ತಿರಲಿಲ್ಲ, ಈಗಲೂ ಆಗುವುದಿಲ್ಲ. ನಾನು ಸ್ಕೂಲ್ ಬಸ್ಸು ಓಡಿಸಿದವಳು, ನನ್ನ ಗಂಡ ಡೆಲ್ಬರ್ಟ್ ಮರ ಕಡಿದು ಬದುಕಿದವನು. ಎಪ್ಪತ್ತೊಂದನೇ ಇಸವಿಯ ವಸಂತದಲ್ಲಿ ಬ್ರೆಡ್ಡು ಸಾಗಿಸುವ ಹಳೇ ವ್ಯಾನಿನಲ್ಲಿ ಇವರು ಬಂದಿಳಿದರು. ಎಲ್ಲ ಡಾಕ್ಟರ ಮಕ್ಕಳು, ವಕೀಲರ ಮಕ್ಕಳು. ಆರ್ಡಿತ್ ನೆಬ್ರಾಸ್ಕಾದ ಕಡೆಯ ಔಷಧಿ ಅಂಗಡಿಯವನ ಮಗಳು. ನಾನು ಅವಳನ್ನು ಮೊದಲು ನೋಡಿದ್ದು ಹಳ್ಳದಲ್ಲಿ. ಹಿಮ ಕರಗಿದ ನೀರಿನಲ್ಲಿ ಮೊಣಕಾಲು ಮುಳುಗಿಸಿ ನಿಂತು ಮಗುವಿನ ಬಟ್ಟೆ ಒಗೆಯುತ್ತಿದ್ದಳು, ಕೈ ಬೀಟ್‌ರೂಟಿನ ಹಾಗೆ ಕೆಂಪಾಗಿತ್ತು.

“ಯಾರ ಮಗೂದೇ ಅದು?” ಎಂದೆ.

“ಎಲ್ಲರದ್ದು.”

“ಒಗೆಯೋಕೂ ಎಲ್ಲರೂ ಬರ್ತಾರೇನು?”

“ಮನಸ್ಸು ಬಂದಾಗ ಬರ್ತಾರೆ. ನಮ್ಮಲ್ಲಿ ಬಲವಂತ ಇಲ್ಲ.”

“ನಿಂಗೆ ದಿನಾ ಮನಸ್ಸು ಬರುತ್ತಾ?”

ಆರ್ಡಿತ್ ನಕ್ಕಳು. “ಕೊಳೆ ದಿನಾ ಬರುತ್ತಲ್ಲ.”

ಅವತ್ತೇ ಅವಳು ನನಗೆ ಹಿಡಿಸಿದಳು. ಉಳಿದವರು ಹಿಡಿಸಲೇ ಇಲ್ಲ.

ಅವರದೊಂದು ಪದ್ಧತಿ ಇತ್ತು, ವೃತ್ತ ಎನ್ನುತ್ತಿದ್ದರು. ಯಜಮಾನ ಇಲ್ಲ, ಕೈಯೆತ್ತಿ ಮತ ಹಾಕುವುದಿಲ್ಲ. ಎಲ್ಲರೂ ದುಂಡಗೆ ಕೂತು, ಎಲ್ಲರೂ ಒಪ್ಪುವವರೆಗೆ ಮಾತಾಡಬೇಕು. ಅಂಗೈ ತೆರೆದರೆ ಒಪ್ಪಿಗೆ. ಎದೆಯ ಮೇಲೆ ಕೈ ಇಟ್ಟರೆ ‘ನನಗೆ ಇಷ್ಟವಿಲ್ಲ, ಆದರೆ ಪಕ್ಕಕ್ಕೆ ಸರಿದು ನಿಲ್ಲುತ್ತೇನೆ’ ಎಂದು. ಮುಷ್ಟಿ ಎತ್ತಿದರೆ ತಡೆ. ಒಂದೇ ಒಂದು ಮುಷ್ಟಿ ಸಾಕು, ಕೆಲಸ ಅಲ್ಲಿಗೆ ನಿಂತಿತು. ಹತ್ತು ಜನ ಸೇರಿದಲ್ಲಿ ಹಾವು ಸಾಯದು ಎನ್ನುತ್ತಾರಲ್ಲ, ಇವರಿಂದ ಒಂದು ಆಡನ್ನೂ ಕೊಲ್ಲಲಾಗಲಿಲ್ಲ. ಕಾಯಿಲೆ ಬಿದ್ದು ನರಳುತ್ತಿದ್ದ ಒಂದು ಆಡನ್ನು ಕೊಂದು ನೋವು ತಪ್ಪಿಸಬೇಕೋ ಬೇಡವೋ ಎಂದು ಚರ್ಚೆ ಹಿಡಿದರು. ಡೆಲ್ಬರ್ಟ್ ಬಂದೂಕು ತೆಗೆದುಕೊಂಡು ಹೋಗಿ ಬೇಲಿಯ ಹೊರಗೆ ಕಾದ. ಚರ್ಚೆ ಮುಗಿಯುವ ಹೊತ್ತಿಗೆ ಆಡು ತಾನೇ ಸತ್ತಿತ್ತು, ಚೀರಿ ಚೀರಿ.

ಆರ್ಡಿತ್‌ಳ ಕೈ ಹೆಚ್ಚಾಗಿ ಇದ್ದದ್ದು ಎದೆಯ ಮೇಲೆ. ಮನೆಯಿಂದ ಅವಳಿಗೊಂದು ಪಿಯಾನೋ ಬಂದಿತ್ತು, ಅವಳಮ್ಮ ಕಳಿಸಿದ್ದು. ಒಬ್ಬರ ಗುಡಿಸಲಿನಲ್ಲಿದ್ದರೆ ಅದು ಸ್ವಂತ ಆಸ್ತಿಯಾಗುತ್ತದೆ, ತೆರೆದ ಕೊಟ್ಟಿಗೆಯಲ್ಲಿದ್ದರೆ ಎಲ್ಲರೂ ನುಡಿಸಬಹುದು ಎಂದು ವೃತ್ತದಲ್ಲಿ ಯಾರೋ ಹೇಳಿದರು. ಆರ್ಡಿತ್ ಎದೆಯ ಮೇಲೆ ಕೈ ಇಟ್ಟಳು. ಎರಡನೇ ಮಳೆಗಾಲಕ್ಕೆ ಪಿಯಾನೋ ಊದಿಕೊಂಡು ಬಾಯಿ ಬಿಟ್ಟಿತು, ಒಳಗೆ ಇಲಿ ಸಂಸಾರ ಹೂಡಿತು. “ಎಲ್ಲರೂ ನುಡಿಸಿದ್ರಾ?” ಎಂದು ಕೇಳಿದೆ. “ಇಲಿಗಳು ಚೆನ್ನಾಗಿ ನುಡಿಸ್ತವೆ” ಎಂದಳು. ಅವಳು ಅಷ್ಟು ಹೇಳಿದ್ದೇ ಹೆಚ್ಚು.

ಬ್ರೆಡ್ಡು ಬೇಯಿಸಿದವಳು ಅವಳು, ಆಡಿನ ಹಾಲು ಕರೆದವಳು ಅವಳು. ಡೆಲ್ಬರ್ಟ್‌ನ ಕಾಲು ದಿಮ್ಮಿಯ ಕೆಳಗೆ ಸಿಕ್ಕಿ ನುಜ್ಜುಗುಜ್ಜಾದಾಗ ಚಳಿಗಾಲ ಪೂರ್ತಿ ಹಿಮದಲ್ಲಿ ನಡೆದು ಬಂದು ನಮಗೆ ಊಟ ಕೊಟ್ಟವಳೂ ಅವಳೇ. ಮರ ಕಡಿಯುವ ಪಾಪಿಗೆ ಅನ್ನ ಹಾಕಬಹುದೇ ಎಂದು ಅದಕ್ಕೂ ವೃತ್ತ ಕೂತಿತ್ತಂತೆ. ನನಗೆ ಬಹಳ ವರ್ಷದ ಮೇಲೆ ಗೊತ್ತಾಯಿತು. ಗೊತ್ತಾದ ದಿನ ನನ್ನ ಮೈಯೆಲ್ಲ ಉರಿಯಿತು.

ಆದರ್ಶದವರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಯಾರಿಗೋ ಅಪ್ಪನ ಕಚೇರಿ ನೆನಪಾಯಿತು, ಯಾರಿಗೋ ಹಲ್ಲು ನೋವು ಬಂತು. ತೋಟಕ್ಕೆ ಕರೆಂಟು ಕಂಪನಿಯ ತಂತಿ ಬರಕೂಡದು ಎಂದು ಮೊದಲ ವರ್ಷ ಎಲ್ಲರಿಂದ ಅಂಗೈ ತೆರೆಸಿದ ಗಾರ್ತ್ ಇದ್ದನಲ್ಲ, ಅವನೀಗ ಕ್ಯಾಲಿಫೋರ್ನಿಯಾದ ಕಡಲ ದಂಡೆಯಲ್ಲಿ ದೊಡ್ಡ ದೊಡ್ಡ ಮನೆ ಮಾರುತ್ತಾನೆ. ಆ ಮನೆಗಳ ಈಜುಕೊಳದ ಒಳಗೂ ದೀಪ ಉರಿಯುತ್ತದೆ. ಹೇಳೋದು ಶಾಸ್ತ್ರ, ಇಕ್ಕೋದು ಗಾಳ. ಆದರೂ ನೆಲ ಎಲ್ಲರ ಹೆಸರಲ್ಲಿದೆ, ಮೊದಲು ಬಂದವರು ಬಿಟ್ಟು ಹೋದರೂ ಅವರ ಮಾತಿಗೆ ಸಾಯುವವರೆಗೂ ಬೆಲೆ ಇದೆ ಎಂಬುದು ಅವರ ಕಟ್ಟಳೆ. ತೋಟದಲ್ಲಿ ಕೊನೆಗೆ ಉಳಿದವರು ನಾಲ್ಕು ಜನ. ವೆಂಡೆಲ್, ಅವನ ಜತೆ ಒಂದೇ ಗುಡಿಸಲಲ್ಲಿ ಬಾಳಿದ ಆರ್ಡಿತ್, ತಮಟೆ ಬಡಿಯುವ ಟೋಬಿನ್, ಕಿವಿ ಕೇಳದ ಲೋಯಿಸ್. ಊರಲ್ಲಿ ಉಳಿದದ್ದು ಏನೆಂದರೆ ಗರಗಸದ ಅಂಗಡಿ ಇದ್ದಲ್ಲಿ ಗಾಂಜಾ ಅಂಗಡಿ, ಕಾರ್ಖಾನೆ ಇದ್ದಲ್ಲಿ ಯೋಗ, ಮತ್ತೆ ಆರ್ಡಿತ್ ಪುಕ್ಕಟೆ ಕೊಡುತ್ತಿದ್ದಂಥ ಕಾಳಿನ ಬ್ರೆಡ್ಡು ಬಂಗಾರದ ಬೆಲೆಗೆ. ಲೋಕ ಬದಲಾಯಿಸಿದ್ದು ಇಷ್ಟು.

ಆ ಹುಡುಗಿ ಬಂದು ಹೋದ ವರ್ಷವೇ, ಎಲೆ ಉದುರುವ ಕಾಲಕ್ಕೆ, ಆರ್ಡಿತ್‌ಗೆ ಉಸಿರು ಕಟ್ಟತೊಡಗಿತು. ನಾನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಐವತ್ತು ವರ್ಷದ ಕಟ್ಟಿಗೆ ಹೊಗೆ ಅವಳ ಶ್ವಾಸಕೋಶವನ್ನು ತಿಂದುಹಾಕಿತ್ತು. ಹಗಲೂ ರಾತ್ರಿ ಆಮ್ಲಜನಕದ ಯಂತ್ರ ಹಾಕಿಕೊಂಡಿರಬೇಕು, ಹೊಗೆಯ ಹತ್ತಿರ ಸುಳಿಯಬಾರದು, ಇಲ್ಲದಿದ್ದರೆ ಈ ಚಳಿಗಾಲ ದಾಟುವುದಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು. ಯಂತ್ರಕ್ಕೆ ಕರೆಂಟು ಬೇಕು. ತೋಟದಲ್ಲಿದ್ದ ಸೋಲಾರ್ ಫಲಕದಿಂದ ಮೋಡದ ದಿನ ಒಂದು ಬಲ್ಬೂ ಸರಿಯಾಗಿ ಹತ್ತುತ್ತಿರಲಿಲ್ಲ.

“ನನ್ನ ಹೊಲಿಗೆ ಕೋಣೆ ಖಾಲಿ ಇದೆ ಕಣೇ. ಇವತ್ತೇ ಬಂದುಬಿಡು” ಎಂದೆ ದಾರಿಯಲ್ಲಿ.

“ವೃತ್ತದಲ್ಲಿ ಕೇಳ್ತೀನಿ” ಎಂದಳು ಆರ್ಡಿತ್.

ತಂತಿ ತರಿಸಲು, ಅದು ಬರಕೂಡದೆಂದು ಕಟ್ಟಳೆ ಮಾಡಿಸಿದ್ದ ಗಾರ್ತ್‌ನ ಒಪ್ಪಿಗೆ ಬೇಕು, ಫೋನು ಇದ್ದದ್ದು ನನ್ನ ಮನೆಯಲ್ಲಿ. ಹೀಗಾಗಿ ವೃತ್ತ ನನ್ನ ಅಡುಗೆಮನೆಯಲ್ಲೇ ಕೂತಿತು. ಫೋನನ್ನು ಮೇಜಿನ ನಡುವೆ, ಮೆಕ್ಕೆಜೋಳದ ಬ್ರೆಡ್ಡಿನ ತಟ್ಟೆಗೆ ಒರಗಿಸಿ ಇಟ್ಟರು. ವೆಂಡೆಲ್ ವಿಷಯ ಹೇಳಿದ. ಇದ್ದವರೆಲ್ಲ ಅಂಗೈ ತೆರೆದರು. ಉಳಿದವನು ಫೋನಿನಲ್ಲಿದ್ದ ಗಾರ್ತ್.

“ಆರ್ಡಿತ್, ನಿನ್ನ ಮೇಲೆ ತುಂಬ ಪ್ರೀತಿ ಇದೆ ಕಣೇ” ಎಂದ ಗಾರ್ತ್. “ಆದ್ರೆ ಆ ಆಕಾಶಕ್ಕೆ ಅಡ್ಡ ತಂತಿ ಎಳೆಯೋದನ್ನ ನನ್ನ ಜೀವ ಒಪ್ತಾ ಇಲ್ಲ. ನಂದು ತಡೆ.”

“ನೀನು ಮಲಗೋ ಮನೇಲಿ ಕರೆಂಟಿದ್ಯೋ ಇಲ್ವೋ?” ಎಂದೆ ನಾನು.

“ವರ್ನಾ, ನೀನು ವೃತ್ತದಲ್ಲಿಲ್ಲ.”

“ವೃತ್ತ ನನ್ನ ಮನೇಲಿದೆ ಕಣಪ್ಪ.”

ವೆಂಡೆಲ್ ಕೈಯಾಡಿಸಿ ನನ್ನ ಬಾಯಿ ಮುಚ್ಚಿಸಿದ. ತಡೆ ಎಂದರೆ ತಡೆ, ವಾದ ಮಾಡಬಾರದಂತೆ. ಆಗ ಆರ್ಡಿತ್ ಕೆಮ್ಮಿ, ಕೆಮ್ಮು ನಿಲ್ಲುವವರೆಗೆ ಕಾದು, “ನಂದೊಂದು ಮಾತಿದೆ” ಎಂದಳು. ಎಲ್ಲರೂ ತಿರುಗಿ ನೋಡಿದರು. ಅಷ್ಟು ವರ್ಷದಲ್ಲಿ ಅವಳಾಗಿ ಒಂದು ಮಾತು ಮುಂದಿಟ್ಟದ್ದು ಅದೇ ಮೊದಲಂತೆ.

“ವರ್ನಾ ಮನೇಲಿ ಕರೆಂಟಿದೆ. ಚಳಿ ಮುಗಿಯೋವರ್ಗೂ ನಾನು ಇಲ್ಲಿರ್ತೀನಿ. ಒಪ್ಪಿಗೆಯಾ?”

ಟೋಬಿನ್ ಅಂಗೈ ತೆರೆದ. ಲೋಯಿಸ್‌ಗೆ ಕಿವಿಯಲ್ಲಿ ಕೂಗಿ ಹೇಳಿದ ಮೇಲೆ ಅವಳೂ ತೆರೆದಳು. “ಖಂಡಿತ ಒಪ್ಪಿಗೆ, ಅವಳ ದೇಹ ಅವಳದ್ದು” ಎಂದು ಗಾರ್ತ್ ಕಡಲ ದಂಡೆಯಿಂದ ದೊಡ್ಡ ಮನಸ್ಸು ಮಾಡಿದ. ನಾನು ಹೊಸ ಚಾದರ ಎಲ್ಲಿಟ್ಟಿದ್ದೇನೆ ಎಂದು ಯೋಚಿಸತೊಡಗಿದ್ದೆ. ತಲೆ ಎತ್ತಿದರೆ ವೆಂಡೆಲ್‌ನ ಮುಷ್ಟಿ ಮೇಲಿತ್ತು.

“ನೀನು ಹೋದ್ರೆ ಅಲ್ಲಿ ಏನು ಉಳಿಯುತ್ತೆ ಹೇಳು” ಎಂದ. “ಒಲೆ ಯಾರು ಹಚ್ತಾರೆ, ಆಡು ಯಾರು ನೋಡ್ತಾರೆ. ಒಂದು ವಾರಕ್ಕೆ ಟೋಬಿನ್ನೂ ಹೊರಡ್ತಾನೆ. ಐವತ್ತು ವರ್ಷ ನಾವು ಮಾಡಿದ್ದು ಏನಾಗ್ಬೇಕು?”

“ಅವಳ ಉಸಿರು ಏನಾಗ್ಬೇಕೋ, ಮನೆಹಾಳ?” ಎಂದೆ.

ಆರ್ಡಿತ್ ಆ ಮುಷ್ಟಿಯನ್ನು ನೋಡಿದಳು. “ಸರಿ” ಎಂದಳು. ಎದ್ದು, ಮೇಜಿನ ಮೇಲಿದ್ದ ಲೋಟಗಳನ್ನು ಒಂದರೊಳಗೊಂದು ಇಟ್ಟು ನನ್ನ ಸಿಂಕಿಗೆ ತಂದು ತೊಳೆಯತೊಡಗಿದಳು.

ಹೊರಗೆ ಬಂದ ಮೇಲೆ ಅವಳನ್ನು ಟ್ರಕ್ಕಿನ ಪಕ್ಕಕ್ಕೆ ಎಳೆದುಕೊಂಡು ಹೋದೆ. “ಕೇಳಿದ್ದಾದ್ರೂ ಯಾಕೆ ನೀನು? ಬುದ್ಧಿ ಇದೆಯಾ? ಗಾರ್ತ್ ಹೊರಡುವಾಗ ಯಾರನ್ನ ಕೇಳಿದ್ದ? ಆ ಡಾಕ್ಟರ ಮಕ್ಕಳು ಯಾರನ್ನ ಕೇಳಿದ್ರು? ಚೀಲ ಹೆಗಲಿಗೆ ಹಾಕ್ಕೊಂಡು ಎದ್ದು ಹೋದ್ರು. ಹೋಗೋಕೆ ಒಪ್ಪಿಗೆ ಬೇಕು ಅಂತ ನಿಮ್ಮ ಕಟ್ಟಳೇಲೂ ಇಲ್ಲ ಕಣೇ.”

“ಗೊತ್ತು ವರ್ನಾ. ಅವರು ಯಾರೂ ಕೇಳ್ಲಿಲ್ಲ.” ಉಸಿರು ಎಳೆದುಕೊಳ್ಳಲು ನಿಲ್ಲುತ್ತಾ ಹೇಳಿದಳು. “ನಾನೂ ಕೇಳ್ದೆ ಹೋದ್ರೆ ಅಲ್ಲಿಗೆ ಎಲ್ಲರೂ ಒಪ್ಪಿಯೇ ನಡೀಬೇಕು ಅನ್ನೋ ಆ ಮಾತನ್ನ ಯಾರೂ ನಂಬ್ಲಿಲ್ಲ ಅಂತಾಯ್ತು. ಯಾರೂ ನಂಬದೇ ಇದ್ದಿದ್ದಕ್ಕೆ ನಾನು ಇಷ್ಟು ವರ್ಷ ಪಾತ್ರೆ ತೊಳೆದೆ ಅಂತಾಯ್ತು. ಅದನ್ನ ಹೇಗೆ ಸಹಿಸ್ಕೊಳ್ಳಲಿ?”

ಅವಳನ್ನು ಎತ್ತಿ ಟ್ರಕ್ಕಿಗೆ ಹಾಕಿಕೊಂಡು ಹೋಗಿಬಿಡಬೇಕು ಅನ್ನಿಸಿತು. ಅವಳಾಗಲೇ ವೆಂಡೆಲ್‌ನ ಹಿಂದೆ ಏರು ಹತ್ತುತ್ತಿದ್ದಳು, ನಾಲ್ಕು ಹೆಜ್ಜೆಗೊಮ್ಮೆ ನಿಂತು.

ಆಮೇಲೆ ಆಮ್ಲಜನಕದ ಸಿಲಿಂಡರು ಹೊತ್ತುಕೊಂಡು ಹೋಗಿ ಕೊಟ್ಟೆ. ಒಂದು ಸಿಲಿಂಡರು ಬೆಳಿಗ್ಗೆ ಹಾಕಿದರೆ ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು, ಹಿಮ ಬಿದ್ದು ದಾರಿ ಮುಚ್ಚಿದ ಮೇಲೆ ಅದೂ ನಿಂತಿತು. ಜನವರಿಯಲ್ಲಿ ಆರ್ಡಿತ್ ಹೋದಳು. ದಾರಿ ತೆರೆದ ದಿನ ನಾನು ಹೋದಾಗ ಅವಳನ್ನು ತೋಟದಲ್ಲೇ, ಫರ್ ಮರದ ಬುಡದಲ್ಲಿ ಹೂತಾಗಿತ್ತು. ಸಾಯುವ ಹಿಂದಿನ ದಿನವೂ ಒಲೆ ಹಚ್ಚಿದ್ದು ಅವಳೇ ಎಂದು ಟೋಬಿನ್ ಹೇಳಿದ, ಅದೇನೋ ಹೊಗಳಿಕೆ ಅನ್ನುವ ಹಾಗೆ. ವೆಂಡೆಲ್ ಅವಳ ತ್ಯಾಗದ ಬಗ್ಗೆ ಮಾತಾಡಿದ. ಊರು ಉಪಕಾರ ಅರಿಯದು, ಹೆಣ ಶೃಂಗಾರ ಅರಿಯದು. ನಾನು ಪೂರ್ತಿ ಕೇಳದೆ ಬಂದುಬಿಟ್ಟೆ.

ಮುಂದಿನ ಅಕ್ಟೋಬರಿನಲ್ಲಿ ಒಂದು ಸಂಜೆ ಬಾಗಿಲು ಬಡಿದ ಸದ್ದಾಯಿತು. ವೆಂಡೆಲ್ ನಿಂತಿದ್ದ, ಹೆಗಲಲ್ಲಿ ಚೀಲ. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು, ಎದೆ ಶಬ್ದ ಮಾಡುತ್ತಿತ್ತು.

“ವರ್ನಾ, ನಿನ್ನ ಹೊಲಿಗೆ ಕೋಣೆ ಖಾಲಿ ಇದೆ ಅಲ್ವಾ?” ಎಂದ. “ಆ ಹೊಗೇಲಿ ಮಲಗೋಕಾಗ್ತಾ ಇಲ್ಲ. ಚಳಿ ಕಳೆಯೋವರ್ಗೂ ಇರ್ತೀನಿ.”

“ವೃತ್ತದಲ್ಲಿ ಕೇಳಿದ್ಯಾ?”

ಅವನಿಗೆ ನಾನು ಕೇಳಿದ್ದು ಅರ್ಥವೇ ಆಗಲಿಲ್ಲ. ನನ್ನನ್ನು ತಲೆಕೆಟ್ಟವಳು ಎಂಬಂತೆ ನೋಡಿದ.

“ಉಸಿರಾಡೋಕಾಗ್ತಿಲ್ಲ ಅಂತಿದ್ದೀನಿ. ಇದಕ್ಕೆಲ್ಲ ಯಾರನ್ನ ಕೇಳೋದು?”

ತಾನು ಆಡಿದ ಮಾತು ಅವನ ಕಿವಿಗೆ ಬೀಳಲಿ ಎಂದು ಕಾದೆ. ಬೀಳಲು ಬಹಳ ಹೊತ್ತು ಹಿಡಿಯಿತು. ಬಿದ್ದ ಮೇಲೆ ಅವನು ಮೆಟ್ಟಿಲ ಮೇಲೆ ಕೂತ, ಚೀಲ ಹೆಗಲಿನಿಂದ ಜಾರಿ ಕೆಸರಿಗೆ ಬಿತ್ತು. ಎತ್ತಿಕೊಳ್ಳಲಿಲ್ಲ. ನಾನು ಕೋಟು ಹಾಕಿಕೊಂಡು, ಅವನನ್ನು ಟ್ರಕ್ಕಿಗೆ ಹತ್ತಿಸಿ, ಪಟ್ಟಣದ ಆಸ್ಪತ್ರೆಗೆ ಸೇರಿಸಿ ಬಂದೆ. ಕೋಣೆ ಕೊಡಲಿಲ್ಲ.