ಮಣ್ಣಾಗದ ಚಡ್ಡಿ

ಗೋಲು ಬೀಳಲಿಲ್ಲ ಅಂದಮಾತ್ರಕ್ಕೆ ಡಿಫೆನ್ಸ್ ಗಟ್ಟಿ ಎಂದಲ್ಲ. ಎದುರಿನವರಿಗೆ ಗುರಿ ಇಲ್ಲದಿದ್ದರೂ ಗೋಲು ಬೀಳುವುದಿಲ್ಲ. ಇದು ಗೊತ್ತಿದ್ದೂ ನಾವು ಚಪ್ಪಾಳೆ ತಟ್ಟುತ್ತೇವೆ.

ಕ್ಷೌರಿಕನಿಗೂ ಗೊತ್ತಿತ್ತು. ಬೆಳಿಗ್ಗೆಯಿಂದ ಕತ್ತರಿ, ಸಂಜೆಗೆ ಬೀದಿಯ ಫುಟ್‌ಬಾಲ್ ತಂಡದ ತರಬೇತಿ, ಇಷ್ಟರಲ್ಲೇ ತಲೆ ನರೆತವನು. ಆ ವರ್ಷ ಅವನ ತಂಡಕ್ಕೆ ಒಂದೂ ಗೋಲು ಬಿದ್ದಿರಲಿಲ್ಲ. ಬಸ್ ಡಿಪೋ ಮ್ಯಾನೇಜರ್ ಅಂಗಡಿಗೇ ಬಂದು, ಮುಖಕ್ಕೆ ನೊರೆ ಹಚ್ಚಿಸಿಕೊಳ್ಳುತ್ತಲೇ ಹೇಳಿದರು: "ನಮ್ಮ ತಂಡಕ್ಕೆ ನಿಮ್ಮ ಡಿಫೆಂಡರ್ ಒಬ್ಬ ಬೇಕು. ಡಿಪೋದಲ್ಲಿ ಕಾಯಂ ಕೆಲಸ. ಯಾರು ಅಂತ ಭಾನುವಾರ ಮ್ಯಾಚ್ ಮುಗಿದ ಮೇಲೆ ನೀವೇ ಹೇಳಿ."

ಬೀದಿಯವರು ಆಗಲೇ ತೀರ್ಮಾನಿಸಿಬಿಟ್ಟಿದ್ದರು: ಕೆಸರಣ್ಣ. ಎಡಗಡೆಯ ಆಟಗಾರ. ಮೈಯೆಲ್ಲ ಮಣ್ಣು ಮಾಡಿಕೊಂಡು, ಜಾರಿ ಬಿದ್ದು ಚೆಂಡು ಕಸಿದರೆ ಜನ ಎದ್ದು ನಿಲ್ಲುತ್ತಿದ್ದರು. ಬಲಗಡೆ ಆಡುವವನು ಕ್ಷೌರಿಕನ ಭಾವ, ಅಕ್ಕನ ಗಂಡ, ದಿನಗೂಲಿ ಪೇಂಟರ್. ಆಟ ಮುಗಿದರೂ ಚಡ್ಡಿ ಇಸ್ತ್ರಿ ಮಾಡಿಟ್ಟ ಹಾಗೇ.

"ಏನ್ ಭಾವ, ಆಡೋಕೆ ಬಂದಿದ್ರಾ, ಫೋಟೋ ತೆಗೆಸ್ಕೊಳ್ಳೋಕಾ?" ಎಂದು ತಂಡದವರೆಲ್ಲ ಕಾಡಿಸುತ್ತಿದ್ದರು.

ಭಾನುವಾರ ಕ್ಷೌರಿಕ ಚೆಂಡನ್ನು ನೋಡಲೇ ಇಲ್ಲ. ಎದುರಾಳಿ ಫಾರ್ವರ್ಡ್‌ಗಳನ್ನೇ ನೋಡಿದ. ಎಡಕ್ಕೆ ಬಂದವರೆಲ್ಲ ಕೆಸರಣ್ಣನನ್ನು ದಾಟುತ್ತಿದ್ದರು, ಅವನು ಹಿಂದಿನಿಂದ ಓಡಿ ಬಂದು ಜಾರುತ್ತಿದ್ದ. ತಪ್ಪೂ ಅವನದೇ, ರಿಪೇರಿಯೂ ಅವನದೇ, ಚಪ್ಪಾಳೆ ಮಾತ್ರ ರಿಪೇರಿಗೆ. ಬಲಕ್ಕೆ ಬಂದವನು ತಲೆಯೆತ್ತಿ, ಭಾವ ನಿಂತ ಜಾಗ ನೋಡಿ, ಚೆಂಡನ್ನು ಹಿಂದಕ್ಕೆ ತಳ್ಳುತ್ತಿದ್ದ. ಆ ಕಡೆಯಿಂದ ಗೋಲಿನತ್ತ ಯಾರೂ ಸುಳಿಯಲಿಲ್ಲ. ಡಿಫೆನ್ಸ್ ಅಂದರೆ ಅದು.

"ಯಾರು?" ಎಂದರು ಮ್ಯಾನೇಜರ್.

ಭಾವನ ಹೆಸರು ನಾಲಿಗೆ ತುದಿಯಲ್ಲಿತ್ತು. ಪಕ್ಕದಲ್ಲೇ ಬೀದಿಯವರು ನಿಂತಿದ್ದರು. ತನ್ನವರಿಗೇ ಬಡಿಸಿದ ಅಂದುಬಿಟ್ಟರೆ?

"ಕೆಸರಣ್ಣ," ಎಂದ.

ಮರುದಿನ ಅಕ್ಕ ಅಂಗಡಿ ಬಾಗಿಲಲ್ಲಿ ನಿಂತಳು. "ಅವನು ಇವರಿಗಿಂತ ಚೆನ್ನಾಗಿ ಆಡ್ತಾನಾ? ಅಷ್ಟು ಹೇಳು, ಹೋಗ್ತೀನಿ."

"ಇಲ್ಲ ಅಕ್ಕ. ಜನ ಏನಂತಾರೋ ಅಂತ…"

"ಓಹೋ! ನಿನ್ನ ಮಾನ ಉಳೀತಲ್ಲ, ಸಂತೋಷ. ನಿನ್ನ ಭಾವ ಬೆಳಿಗ್ಗೇನೇ ಏಣಿ ಹೊತ್ಕೊಂಡು ಹೋದ್ರು."

ಕ್ಷೌರಿಕ ಎಷ್ಟು ಪ್ರಾಮಾಣಿಕ ಎಂದು ಬೀದಿ ಇವತ್ತಿಗೂ ಹೊಗಳುತ್ತದೆ. ಅದು ಹೇಡಿತನ. ಮುಂದಿನ ಪಂದ್ಯಕ್ಕೆ ನೀವೂ ಹೋಗುತ್ತೀರಿ. ಚೆಂಡಿನಿಂದ ಕಣ್ಣು ಕೀಳಿ, ಏನೂ ನಡೆಯದ ಕಡೆ ನೋಡಿ. ಯಾರಾದರೂ ಕೇಳಿದರೆ ಅಲ್ಲಿ ನಿಮಗೆ ಕಂಡವನ ಹೆಸರನ್ನೇ ಹೇಳಿ, ಅವನು ನಿಮ್ಮ ಸ್ವಂತ ಭಾವನೇ ಆಗಿದ್ದರೂ.