ಗುಬ್ಬಿ ಪದ್ಯದ ಶಾಂತಲಿಂಗಪ್ಪ ಮಾಸ್ತರರು

ಶಾಂತಲಿಂಗಪ್ಪ ಮಾಸ್ತರರಿಗೆ ಗುಬ್ಬಿ ಎಂದರೆ ತಲೆ ಚಿಟ್ಟು ಹಿಡಿಯುತ್ತಿತ್ತು. ಹಿಡಿಯದೇ ಏನು ಮಾಡೀತು! ನಿಂಬರ್ಗಾ ಕಡೆಯ ಹಳ್ಳಿಗಳಲ್ಲಿ ಇಪ್ಪತ್ತೇಳು ವರ್ಷ ಮೂರನೇ ಕ್ಲಾಸಿನ ಮಕ್ಕಳಿಗೆ ಅದೇ ಪದ್ಯ ಹಾಡಿ ಹಾಡಿ ಕಲಿಸಿದ್ದರು.

ಬಾರೇ ಗುಬ್ಬಿ ಹೊಲದ ಕಡೆಗೆ, ತೆನೆಗೆ ಹಾಲು ತುಂಬಿದೆ,
ಬೇಗ ಬಾರೆ, ನಿನ್ನ ಪಾಲು ಗಾಳಿಯಲ್ಲಿ ತೂಗಿದೆ,
ಮರಿಗೆ ನಾಕು, ನಿನಗೆ ನಾಕು, ಉಳಿದ ಕಾಳು ನನಗೆ ಸಾಕು.

ಪುಸ್ತಕಗಳು ಊರಿಗೆ ಬರುವುದು ದೀಪಾವಳಿ ಆದಮೇಲೆ. ಅಲ್ಲಿಯವರೆಗೆ ಮಾಸ್ತರರ ಬಾಯೇ ಪುಸ್ತಕ. "ನಾ ಹ್ಯಾಂಗ ಅಂತೇನಿ, ನೀವೂ ಹಂಗೇ ಅನ್ರಿ" ಎನ್ನುವರು. ಅವರು ಕೈ ಎತ್ತಿದರೆ ಮಕ್ಕಳೂ ಎತ್ತುವರು, ಕತ್ತು ತೂಗಿದರೆ ಮಕ್ಕಳೂ ತೂಗುವರು. ಅಷ್ಟು ಚೊಕ್ಕ ಕಲಿಸಾಣಿಕೆ.

ಎಂಬತ್ತಾರನೆಯ ಇಸವಿಯ ಮಳೆಗಾಲದಲ್ಲಿ ಕೆಮ್ಮು ಹತ್ತಿತು. ಆಳಂದದ ಡಾಕ್ಟರು ಗಂಟಲಿಗೆ ಬ್ಯಾಟರಿ ಹಿಡಿದು ನೋಡಿ, "ಹಿಂಗೇ ಹಾಡಕೋತ ಹೋದ್ರ ದನಿ ಪೂರಾ ಹೋಗ್ತದರಿ" ಎಂದರು. ಇದು ಮೇಲಿನವರ ಕಿವಿಗೆ ಬಿದ್ದರೆ ಆಳಂದದ ಆಫೀಸಿನಲ್ಲಿ ಕಾಗದ ಜೋಡಿಸುವ ಕುರ್ಚಿಗೆ ಹಾಕುತ್ತಾರೆ. ನೆರಳು, ಫ್ಯಾನು, ಬಾಯಿ ಬಿಡುವ ಕೆಲಸವಿಲ್ಲ. ಬೇರೆ ಯಾರಾದರೂ ಆಗಿದ್ದರೆ ಕುಣಿದುಕೊಂಡು ಹೋಗುತ್ತಿದ್ದರು. ಈ ಪುಣ್ಯಾತ್ಮರು ಮಾತ್ರ ಸುದ್ದಿ ಮುಚ್ಚಿಟ್ಟರು. ಮೈಯೆಲ್ಲ ಸೋತಿತ್ತು, ಸಂಜೆ ಮನೆಗೆ ಬಂದರೆ ನೀರು ಕೇಳಲೂ ತ್ರಾಣವಿರುತ್ತಿರಲಿಲ್ಲ. ಆದರೂ ನಿವೃತ್ತಿಗೆ ಉಳಿದ ಎರಡು ವರ್ಷವನ್ನು ಮಕ್ಕಳ ನಡುವೆಯೇ ಮುಗಿಸಬೇಕೆಂಬ ಒಂದೇ ಆಸೆ.

"ದಣಿವು ಮೈಗೆ ಬಂದದ, ಬುದ್ಧಿಗೆ ಇನ್ನಾ ಬಂದಿಲ್ಲ ನೋಡ್ರಿ" ಎಂದು ಹೆಂಡತಿ ಶಿವಕಾಂತಾ ಬೈಯುತ್ತಲೇ ಕಲ್ಲುಸಕ್ಕರೆ, ಲವಂಗ ಕಟ್ಟಿಕೊಡುತ್ತಿದ್ದಳು.

ಶ್ರಾವಣ ಮುಗಿಯುವ ಹೊತ್ತಿಗೆ ಇನ್‌ಸ್ಪೆಕ್ಟರ್ ಸಾಹೇಬರು ಬಂದರು. ಹೆಡ್ ಮಾಸ್ತರ ಶರಫುದ್ದೀನರಿಗೆ ಗುಟ್ಟು ಗೊತ್ತಿತ್ತು. "ಒಂದ್ ತಾಸು ತಡಕೋರಿ ಮಾಸ್ತರ" ಎಂದು ಪಿಸುಗುಟ್ಟಿದರು. ಮಾಸ್ತರರು ಲವಂಗವನ್ನು ದವಡೆಯಲ್ಲಿ ಒತ್ತಿಕೊಂಡು ಗೋಡೆಗೆ ಆತು ನಿಂತರು.

ಪದ್ಯ ಸುರುವಾಯಿತು. ಎರಡು ಸಾಲು ಬಲು ಸೊಗಸಾಗಿ ಬಂದವು. ಆಮೇಲೆ ಮೂವತ್ತನಾಲ್ಕು ಮಕ್ಕಳು ಒಮ್ಮೆಲೇ ಹಾಡು ನಿಲ್ಲಿಸಿ, ಎಡಕ್ಕೆ ಮುಖ ತಿರುಗಿಸಿ, ಮುಷ್ಟಿ ಬಾಯಿಗಿಟ್ಟು ಎರಡು ಸಲ ಕೆಮ್ಮಿದರು. ಕೆಮ್ಮಿ, ಮೂರನೆಯ ಸಾಲು ಹಿಡಿದರು.

ಸಾಹೇಬರ ಮುಖ ಕೆಂಪಾಯಿತು. "ಮಾಸ್ತರರನ್ನ ಅಣಕಸ್ತೀರೇನಲೇ?" ಎಂದು ಬೆತ್ತ ಎತ್ತಿಕೊಂಡರು.

ಮುಂದೆಯೇ ಕುಳಿತಿದ್ದ ಪೀರಬಿ ಎದ್ದು ನಿಂತಳು. "ಇಲ್ರೀ ಸಾಹೇಬರ, ಪದ್ಯದಾಗೇ ಹಂಗ ಅದರಿ."

ಸಾಹೇಬರು ಮಾಸ್ತರರತ್ತ ತಿರುಗಿದರು. ಹೌದ್ರಿ, ಅಣಕಿಸಾಕತ್ತಾರ ಎಂದಿದ್ದರೆ ಮಾಸ್ತರರು ಪಾರು. ಮಕ್ಕಳಿಗೆ ತಲಾ ಎರಡು ಏಟು, ಅಷ್ಟೇ. ಪೀರಬಿ ಆಗಲೇ ಅಂಗೈ ಚಾಚಿ ಕಣ್ಣು ಮುಚ್ಚಿದ್ದಳು.

"ಅವರದೇನೂ ತಪ್ಪಿಲ್ರಿ, ನಾನೇ ಹಂಗ ಕಲಿಸೇನಿ" ಎಂದರು ಮಾಸ್ತರರು. ಎನ್ನುವಷ್ಟರಲ್ಲಿ ತಡೆದಿಟ್ಟ ಕೆಮ್ಮೆಲ್ಲ ಒಮ್ಮೆಲೇ ಬಂತು. ಶರಫುದ್ದೀನರು ನೀರು ತರಲು ಓಡಿದರು. ಸಾಹೇಬರು ಬೆತ್ತ ಕೆಳಗಿಟ್ಟು ಕಾಗದ ತೆಗೆದರು.

ಹದಿನೈದು ದಿನಕ್ಕೆ ಆಳಂದದ ಆರ್ಡರು ಬಂತು. ಅಯ್ಯೋ, ಆ ದಿನ ಅವರಿಗೆ ಅಳಲೂ ಬೇಸರವಾಗಿತ್ತು. ಮುಂದೆ ಬರುವ ಮಾಸ್ತರರಿಗೆ ತ್ರಾಸಾಗಬಾರದೆಂದು, ಕಡೆಯ ತಾಸಿನಲ್ಲಿ ಪದ್ಯದಿಂದ ಕೆಮ್ಮು ತೆಗೆಯಲು ಕುಳಿತರು.

"ಈಗ ಕೆಮ್ಮಲಾರದ ಅನ್ರಿ ನೋಡೋಣ."

ಮಕ್ಕಳು ಹೇಳಿದರು. ಎರಡನೆಯ ಸಾಲು ಮುಗಿದಲ್ಲಿಗೆ ಬಂದು ನಿಂತರು. ಯಾರೂ ಕೆಮ್ಮಲಿಲ್ಲ, ಯಾರೂ ಮುಂದೆಯೂ ಹೋಗಲಿಲ್ಲ. ಎಲ್ಲರೂ ಮಾಸ್ತರರ ಮುಖವನ್ನೇ ನೋಡುತ್ತ ಕಾಯ್ದರು.

ಶಾಂತಲಿಂಗಪ್ಪ ಮಾಸ್ತರರು ಎಡಕ್ಕೆ ತಿರುಗಿ ಎರಡು ಸಲ ಕೆಮ್ಮಿದರು. ಮಕ್ಕಳು ಮೂರನೆಯ ಸಾಲು ಹೇಳಿದರು.